ಗೋಧಿ ಬಣ್ಣದ ನಾಲ್ಕು ಬಾಟಲಿ

ನನಗೆ ಇತ್ತೀಚೆಗೆ ಒಂದು ಕೆಟ್ಟ ಚಟ ಅಂಟಿಕೊಂಡಿದೆ. ಎದುರಿಗೆ ಬಂದವರ ಮುಖ ನೋಡುವ ಬದಲು ದವಡೆ ನೋಡುತ್ತೇನೆ. ಕಿವಿಯ ಕೆಳಗಿನಿಂದ ಗದ್ದದವರೆಗೆ ಒಂದು ಅಂಚು ಇರುತ್ತದಲ್ಲ, ಕಣ್ಣು ಅಲ್ಲಿಗೇ ಹೋಗಿ ನಿಂತುಬಿಡುತ್ತದೆ. ತರಕಾರಿಯವನು "ಆಂಟಿ, ಹುರುಳಿಕಾಯಿ ಎಷ್ಟು ಹಾಕ್ಲಿ?" ಎಂದು ಕೇಳುತ್ತಿದ್ದರೆ ನಾನು ಅವನ ದವಡೆ ನೋಡುತ್ತಾ "ಎರಡು ಹನಿ ಗಾಢ, ಅರ್ಧ ಹನಿ ಕಿತ್ತಳೆ" ಎಂದು ಮನಸ್ಸಿನಲ್ಲೇ ಬೆರೆಸುತ್ತಿರುತ್ತೇನೆ. ಮೊನ್ನೆ ವಿಜಯನಗರದಿಂದ ಮೆಟ್ರೋದಲ್ಲಿ ಬರುವಾಗ ಎದುರು ಸೀಟಿನ ಗೃಹಸ್ಥರೊಬ್ಬರು ನನ್ನ ನೋಟ ತಾಳಲಾರದೆ ಮೊದಲು ಕರ್ಚೀಫಿನಿಂದ ದವಡೆ ಒರೆಸಿಕೊಂಡರು. ಆಮೇಲೆ ಫೋನಿನ ಕ್ಯಾಮೆರಾದಲ್ಲಿ ನೋಡಿಕೊಂಡರು. ಕೊನೆಗೆ ಎದ್ದು ಬೇರೆ ಬೋಗಿಗೇ ಹೋದರು. ಪಾಪ, ಅವರಿಗೆ ಹೇಗೆ ಹೇಳುವುದು? "ಸಾರ್, ನಿಮ್ಮ ಮುಖಕ್ಕೆ ಏನೂ ಅಂಟಿಲ್ಲ, ಏನು ಅಂಟಿಸಿದರೆ ಹೊಂದುತ್ತದೆ ಅಂತ ನೋಡುತ್ತಿದ್ದೆ" ಎಂದಿದ್ದರೆ ಇನ್ನೂ ಎರಡು ಬೋಗಿ ದಾಟುತ್ತಿದ್ದರು.

ನಲವತ್ತೆಂಟನೆಯ ವಯಸ್ಸಿನಲ್ಲಿ ಮೇಕಪ್ ಮಾಡುವವಳಾದರೆ ಇಂಥ ಪಾಡೆಲ್ಲ ಇರುತ್ತದೆ. ಅದಕ್ಕೆ ಮೊದಲು ಇಪ್ಪತ್ತು ವರ್ಷ ನಾನು ರಾಜಾಜಿನಗರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಡ್ರಾಯಿಂಗ್ ಟೀಚರ್ ಎಂದರೆ ಯಾರೆಂದು ನಿಮಗೆ ಗೊತ್ತಿರಬೇಕು: ಪರೀಕ್ಷೆ ಹತ್ತಿರ ಬಂದಾಗ ಗಣಿತದವರಿಗೆ ಪೀರಿಯಡ್ ಬಿಟ್ಟುಕೊಟ್ಟು ಸ್ಟಾಫ್ ರೂಮಿನಲ್ಲಿ ಕೂರುವವಳು. ವರ್ಷದಲ್ಲಿ ಒಂದೇ ಒಂದು ದಿನ ನನಗೆ ಬೆಲೆ, ಸ್ಕೂಲ್ ಡೇ ದಿನ. ಅಂದು ಕೃಷ್ಣ, ರಾಧೆ, ಸೈನಿಕ, ಕ್ಯಾರೆಟ್ಟು, ಬದನೆಕಾಯಿ ಎಲ್ಲರೂ ನನ್ನ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಮುಖಕ್ಕೆ ಹಚ್ಚುವ ಗುಲಾಬಿ ಬಣ್ಣದ ಒಂದು ಪ್ಯಾನ್‌ಕೇಕ್ ಡಬ್ಬಿ, ಒಂದು ಒದ್ದೆ ಸ್ಪಂಜು. ಮುನ್ನೂರು ಮಕ್ಕಳಿಗೂ ಅದೇ. ಪರದೆ ಎದ್ದಾಗ ಸ್ಟೇಜಿನ ಮೇಲಿದ್ದ ಮಕ್ಕಳೆಲ್ಲ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರ ಹಾಗೆ ಕಾಣುತ್ತಿದ್ದರು. ಅಪ್ಪ ಅಮ್ಮಂದಿರು ತಮ್ಮ ಮಗುವನ್ನು ಹುಡುಕಲು ಅದರ ಕಾಲಿನ ಶೂ ನೋಡಬೇಕಾಗುತ್ತಿತ್ತು.

ಆಮೇಲೆ ಶಾಲೆಯವರು ಡ್ರಾಯಿಂಗ್ ತೆಗೆದು ರೋಬೋಟಿಕ್ಸ್ ತಂದರು. ನನಗೊಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಾಲ್ಕು ಒಳ್ಳೆಯ ಮಾತಾಡಿ ಕಳಿಸಿದರು. ಮನೆಯಲ್ಲಿ ಕೂತರೆ ನನ್ನ ಗತಿ ಏನು ಎಂದು ನನಗಿಂತ ನಮ್ಮವರಿಗೆ ಹೆಚ್ಚು ಭಯ. ನಾನು ಹುಟ್ಟಾ ಚಿಂತೆಯವಳು. ಬೀಗ ಹಾಕಿ ಬಸ್ ಸ್ಟಾಪಿನವರೆಗೆ ಹೋಗಿ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ವಾಪಸ್ ಬರುವವಳು; ಬಂದು ನೋಡಿ, ಆರಿಸಿದೆ ಎಂದು ಖಾತ್ರಿಯಾದ ಮೇಲೆ, ಈಗ ಬೀಗ ಸರಿಯಾಗಿ ಬಿತ್ತೋ ಇಲ್ಲವೋ ಎಂದು ಮತ್ತೆ ನಿಲ್ಲುವವಳು. "ನಿನಗೆ ಯಾವುದಾದ್ರೂ ಕೆಲಸ ಬೇಕು ಕಣೇ. ಇಲ್ಲದಿದ್ರೆ ನನ್ನ ಆರೋಗ್ಯದ ಬಗ್ಗೆ ಯೋಚನೆ ಮಾಡೋಕೆ ಶುರು ಮಾಡ್ತೀಯ. ಆಮೇಲೆ ನನಗೆ ನಿಜವಾಗ್ಲೂ ಏನಾದ್ರೂ ಆಗುತ್ತೆ" ಎಂದು ನಮ್ಮವರೇ ವಿಜಯನಗರದ ಮೇಕಪ್ ಕ್ಲಾಸಿನ ಪಾಂಪ್ಲೆಟ್ ತಂದುಕೊಟ್ಟರು.

ಮಿಠಾಯಿ ಅಂಗಡಿಯ ಮಹಡಿಯ ಮೇಲೆ ಮೂರು ತಿಂಗಳ ಕ್ಲಾಸು. ಮೊದಲ ದಿನ ಬಾಗಿಲಲ್ಲಿ ಒಬ್ಬ ಹುಡುಗಿ "ಆಂಟಿ, ಮಗಳನ್ನ ಬಿಡೋಕೆ ಬಂದ್ರಾ?" ಎಂದು ಕೇಳಿದಳು. "ಇಲ್ಲಮ್ಮ, ನನ್ನನ್ನೇ ಬಿಡೋಕೆ ಬಂದೆ" ಎಂದೆ. ಕಲಿಸುವ ಮೇಡಂಗೆ ನನ್ನ ಅರ್ಧ ವಯಸ್ಸು, ಎರಡರಷ್ಟು ಧೈರ್ಯ. ಕೊನೆಯ ದಿನ ಆಕೆ ಹೇಳಿದ ಮಾತು ಇಷ್ಟು: "ಶುರುವಿಗೆ ನಲವತ್ತು ಶೇಡ್ ತಗೊಂಡು ದುಡ್ಡು ಕಳ್ಕೋಬೇಡಿ. ನಾಲ್ಕೈದು ಫೌಂಡೇಶನ್ ಬಾಟಲಿ ಸಾಕು. ಮಿಕ್ಕಿದ್ದನ್ನ ಬೆರೆಸ್ಕೊಳ್ಳಿ. ಆದ್ರೆ ಆ ನಾಲ್ಕನ್ನ ನಿಮ್ಮ ಏರಿಯಾದ ಜನರ ಬಣ್ಣ ತಿಳ್ಕೊಂಡು ತಗೊಳ್ಳಿ."

ಬೇರೆ ಹುಡುಗಿಯರು ಅವತ್ತೇ ಸಂಜೆ ಹೋಗಿ ಕಣ್ಣಿಗೆ ಕಂಡ ನಾಲ್ಕು ಬಾಟಲಿ ತಂದುಕೊಂಡರು. ನಾನು ನೋಟ್‌ಬುಕ್ ತಂದೆ. ಏರಿಯಾದ ಜನರ ಬಣ್ಣ ತಿಳಿಯಬೇಕಲ್ಲ! ನಮ್ಮ ಬಸವೇಶ್ವರನಗರದಲ್ಲಿ ಶುಕ್ರವಾರ ಲಲಿತಾ ಸಹಸ್ರನಾಮಕ್ಕೆ ನನ್ನನ್ನು ಬಿಟ್ಟು ಹದಿನಾಲ್ಕು ಜನ ಹೆಂಗಸರು ಸೇರುತ್ತಾರೆ. ಮಂಗಳಾರತಿ ಆಗಿ ಕೋಸಂಬರಿ ಕೈಗೆ ಬರುವ ಹೊತ್ತಿಗೆ ನಾನು ಪೆನ್ನು ತೆಗೆದು ಒಬ್ಬೊಬ್ಬರನ್ನೇ ಕೇಳತೊಡಗಿದೆ: "ನಿಮ್ಮದು ಯಾವ ಬಣ್ಣ ಅಂತ ಹೇಳ್ತೀರಿ?"

"ಗೋಧಿ ಬಣ್ಣ."

"ಬರ್ಕೊಳ್ಳಿ, ಗೋಧಿ ಬಣ್ಣ."

"ನಮ್ಮ ಮನೇಲಿ ಎಲ್ಲರದ್ದೂ ಗೋಧಿ ಬಣ್ಣಾನೇ ಕಣ್ರೀ."

ಹನ್ನೊಂದು ಜನ ಗೋಧಿ. ಇಬ್ಬರು ಬಿಳುಪು. ನಮ್ಮ ಹಿಂದಿನ ಬೀದಿಯ ಪದ್ಮಮ್ಮ ಮಾತ್ರ ಸ್ವಲ್ಪ ಹೊತ್ತು ಯೋಚಿಸಿದರು. "ಮದುವೆಗೆ ಮುಂಚೆ ನಾನು ಹಾಲಿನ ಹಾಗಿದ್ದೆ. ಇವರ ಮನೆಗೆ ಬಂದು ಹೀಗಾದೆ. ಈಗ ಗೋಧಿ ಅಂತ್ಲೇ ಹಾಕ್ಕೊಳ್ಳಿ, ನನಗೇನೂ ಬೇಜಾರಿಲ್ಲ" ಎಂದು ದೊಡ್ಡ ಮನಸ್ಸು ಮಾಡಿದರು.

ಹನ್ನೆರಡು ಗೋಧಿ. ಇಷ್ಟು ಸ್ಪಷ್ಟವಾದ ಉತ್ತರ ಸಿಕ್ಕಿದ ಮೇಲೆ ಯೋಚಿಸುವುದೇನು? ನಾನು ರಾಜಾಜಿನಗರದ ಮೇಕಪ್ ಸಾಮಾನಿನ ಅಂಗಡಿಗೆ ಹೋಗಿ ಗೋಧಿ ಬಣ್ಣದ ನಾಲ್ಕು ಬಾಟಲಿ ತಂದೆ. ಬಿಳುಪಿನವರು ಇಬ್ಬರಿದ್ದಾರಲ್ಲ ಎಂದು, ಯಾವುದಕ್ಕೂ ಇರಲಿ ಎಂದು, ಒಂದು ಬಿಳುಪು. ಇವನ್ನೆಲ್ಲ ಇಡಲು ಮಾಗಡಿ ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಎಲೆಕ್ಟ್ರಿಷಿಯನ್‌ಗಳು ಹಿಡಿದು ಓಡಾಡುವ ಪ್ಲಾಸ್ಟಿಕ್ ಪೆಟ್ಟಿಗೆ ಕೊಂಡೆ. ಮೇಕಪ್ಪಿನ ಪೆಟ್ಟಿಗೆ ಬಿದ್ದರೆ ಒಡೆಯುತ್ತದೆ, ಇದು ಒಡೆಯುವುದಿಲ್ಲ ಎಂದು ಅಂಗಡಿಯವನು ಅದನ್ನು ಎತ್ತಿ ನೆಲಕ್ಕೆ ಹಾಕಿ ತೋರಿಸಿದ್ದ.

ಗಮನಿಸಿದಿರಾ? ಹದಿನಾಲ್ಕು ಜನ ಎದುರಿಗೇ ಕೂತಿದ್ದರು. ಹಗಲು ಹೊತ್ತು. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ನಾನು ಕೇಳಿದೆ, ಬರೆದುಕೊಂಡೆ, ತಲೆ ಎತ್ತಿ ನೋಡಲಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ "ನೋಡಿ ಬರೀರಿ, ಬಾಯಿಪಾಠ ಮಾಡಿದ ಮಾವಿನಹಣ್ಣು ಬರೀಬೇಡಿ" ಎಂದು ಗದರಿದವಳು ನಾನೇ.

ಆದರೆ ನನ್ನ ತಪ್ಪು ಏನೂ ಹೊಸದಲ್ಲ ಎಂದು ಈಗ ಅನ್ನಿಸುತ್ತದೆ. ಮಕ್ಕಳು ಕ್ರೆಯಾನ್ಸ್ ಡಬ್ಬಿ ತೆಗೆದು "ಮಿಸ್, ಸ್ಕಿನ್ ಕಲರ್ ಎಲ್ಲಿ?" ಎಂದು ಕೇಳುತ್ತಿದ್ದರು. ನಾನು ಆ ಪೀಚ್ ಬಣ್ಣದ ಕಡ್ಡಿಯನ್ನು ಹುಡುಕಿ ಕೊಡುತ್ತಿದ್ದೆ. ಅಂಥ ಚರ್ಮದವರು ನಮ್ಮ ಶಾಲೆಯಲ್ಲಿ ಒಬ್ಬರೂ ಇರಲಿಲ್ಲ. ಬಹುಶಃ ಇಡೀ ರಾಜಾಜಿನಗರದಲ್ಲೇ ಇರಲಿಲ್ಲ. ಆದರೂ ಅಪ್ಪ, ಅಮ್ಮ, ರೈತ, ಪೊಲೀಸು, ಎಲ್ಲರಿಗೂ ಅದೇ ಕಡ್ಡಿ. ವರ್ಷದ ಕೊನೆಗೆ ಎಲ್ಲ ಡಬ್ಬಿಗಳಲ್ಲೂ ಅದೊಂದೇ ಸವೆದು ಮೊಳೆಯಷ್ಟಾಗಿರುತ್ತಿತ್ತು. ಕಂದು ಬಣ್ಣದ್ದು ಮರದ ಕಾಂಡಕ್ಕೆ ಮಾತ್ರ.

ನನ್ನ ಅಮ್ಮನೂ ಕಡಿಮೆಯವಳಲ್ಲ. ನಾನು ಆರು ವರ್ಷದವಳಿದ್ದಾಗ, ಬಿನ್ನಿಪೇಟೆಯ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಅಪ್ಪನಿಗೆ ಬೋನಸ್ ಬಂತೆಂದು ಎಲ್ಲರೂ ಸ್ಟುಡಿಯೋಗೆ ಫೋಟೋ ತೆಗೆಸಿಕೊಳ್ಳಲು ಹೋದೆವು. ಅಮ್ಮ ನನ್ನ ಮುಖಕ್ಕೆ ಪೌಡರ್ ಬಳಿದ ರಭಸಕ್ಕೆ ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೀನುತ್ತಿದ್ದೆ. ಆ ಫೋಟೋ ಈಗಲೂ ಇದೆ. ಅದರಲ್ಲಿ ನನ್ನ ಮುಖ ಬೆಳದಿಂಗಳ ಹಾಗೆ ಹೊಳೆಯುತ್ತಿದೆ. ಎರಡೂ ಕಡೆ ಯಾರದೋ ಎರಡು ಕಪ್ಪು ಕಿವಿಗಳು ಬಂದು ನಿಂತಿವೆ. ಕಿವಿಗೆ ಹಚ್ಚುವಷ್ಟರಲ್ಲಿ ಬಸ್ಸು ಬಂದುಬಿಟ್ಟಿತ್ತು.

ಹೀಗೆ ಗೋಧಿ ತುಂಬಿದ ಪೆಟ್ಟಿಗೆ ಇಟ್ಟುಕೊಂಡು ನಾನು ಮೊದಲ ಗಿರಾಕಿಗೆ ಕಾಯುತ್ತಿದ್ದಾಗ ಪದ್ಮಮ್ಮನೇ ಫೋನ್ ಮಾಡಿದರು. ಗೋವಿಂದರಾಜನಗರದಲ್ಲಿರುವ ಅವರ ತಂಗಿಯ ಮಗಳು ಚೈತ್ರಾಳಿಗೆ ಮದುವೆ. ಹತ್ತು ದಿನ ಇದೆ. ಮಾತಾಡಿಟ್ಟಿದ್ದ ಪಾರ್ಲರಿನವಳಿಗೆ ಕೈ ಮುರಿದಿದೆ.

"ನೀವೇ ಮಾಡಿಬಿಡಿ. ಮನೆಯವರ ಹಾಗೆ" ಎಂದರು.

ನಾನು ವೃತ್ತಿಪರಳ ಹಾಗೆ ಗಂಟಲು ಸರಿಮಾಡಿಕೊಂಡು ಕೇಳಿದೆ: "ಹುಡುಗಿ ಬಣ್ಣ ಹೇಗೆ ಪದ್ಮಮ್ಮ?"

"ನಮ್ಮ ಕಡೆ ಗೊತ್ತಲ್ಲ ನಿಮಗೆ. ಗೋಧಿ ಬಣ್ಣ."

ಮರುದಿನ ಟ್ರಯಲ್‌ಗೆ ಹೋದೆ. ಬಾಗಿಲು ತೆಗೆದ ಚೈತ್ರಾ ಒಂದು ಹೈಸ್ಕೂಲಿನ ಪಿ.ಟಿ. ಟೀಚರ್. ಎತ್ತರದ, ನೆಟ್ಟಗೆ ನಿಲ್ಲುವ ಹುಡುಗಿ. ಎಂಟು ವರ್ಷ ಬಿಸಿಲಲ್ಲಿ ಥ್ರೋಬಾಲ್ ಆಡಿಸಿ ಹದವಾದ ಮೈ. ಕುತ್ತಿಗೆಯ ಸುತ್ತ ವಿಷಲ್ ದಾರ ಬೀಳುವ ಕಡೆ ಮಾತ್ರ ತೆಳುವಾಗಿ ಒಂದು ತಿಳಿ ಗೆರೆ. ಅವಳದು ಚೆನ್ನಾಗಿ ಹುರಿದ ರಾಗಿಯ ಬಣ್ಣ. ಅದರ ಒಳಗಿನಿಂದ ಒಂದು ಕೆಂಪು ಹೊಳಪು. ನಾನು ಡ್ರಾಯಿಂಗ್ ಟೀಚರ್ ಆಗಿ ಅದನ್ನು ನೋಡಿದ್ದರೆ ಆ ಕ್ಷಣವೇ ಬ್ರಶ್ ಎತ್ತುತ್ತಿದ್ದೆ. ಆದರೆ ಗಾಬರಿಯಲ್ಲಿದ್ದೆನಲ್ಲ, ಎತ್ತಿದ್ದು ಗೋಧಿಯ ಬಾಟಲಿ.

ಹಚ್ಚುತ್ತಾ ಹೋದ ಹಾಗೆ ಹುಡುಗಿಯ ಮುಖದಲ್ಲಿದ್ದ ಜೀವವೆಲ್ಲ ಹಿಂದೆ ಸರಿಯಿತು. ನನಗೆ ಗೊತ್ತಾಯಿತು. ಗೊತ್ತಾದ ಮೇಲೂ, ಸ್ವಲ್ಪ ತಿಕ್ಕಿದರೆ ಸರಿಹೋಗಬಹುದು ಎಂದು ಇನ್ನೂ ತಿಕ್ಕಿದೆ. ಮುಗಿಸಿ ಕನ್ನಡಿ ಹಿಡಿದಾಗ ಅದರಲ್ಲಿ ಕಂಡದ್ದು ಬೂದಿ ಬಣ್ಣದ ಒಂದು ಮುಖ, ಅದರ ಕೆಳಗೆ ಇನ್ಯಾರದೋ ಅನ್ನಿಸುವ ಒಂದು ಕುತ್ತಿಗೆ.

ಚೈತ್ರಾ ಕನ್ನಡಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಆಂಟಿ, ಹಿಟ್ಟಿನ ಗಿರಣಿಗೆ ಹೋಗಿ ಬಂದ ಹಾಗಿದೀನಿ" ಎಂದಳು.

"ಏನೇ ಹಾಗಂದ್ರೆ? ಚೆನ್ನಾಗೇ ಇದೆಯಲ್ಲೇ, ಎಷ್ಟು ಬೆಳ್ಳಗೆ ಕಾಣ್ತಾ ಇದೀಯ!" ಎಂದು ಪದ್ಮಮ್ಮ ನನ್ನ ಪರ ನಿಂತರು.

"ದೊಡ್ಡಮ್ಮ, ಕುತ್ತಿಗೆ ನಂದು. ಸರಿ. ಮುಖ ಯಾರದ್ದು?"

ಕಾಫಿ ತಂದ ಅವಳ ಅಮ್ಮ ಬಾಗಿಲಲ್ಲೇ ನಿಂತು ಮಗಳನ್ನು ನೋಡಿದರು, ನನ್ನನ್ನು ನೋಡಿದರು, "ತೊಳ್ಕೊಂಡು ಬಾಮ್ಮ" ಎಂದಷ್ಟೇ ಹೇಳಿ ಲೋಟ ಇಟ್ಟು ಹೋದರು. ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು.

ಮುಖ ತೊಳೆದು ಬಂದ ಚೈತ್ರಾಳ ಮೇಲೆ ಮತ್ತೆ ಆ ರಾಗಿಯ ಹೊಳಪು ಬಂದು ಕೂತಿತ್ತು. ಅವಳು ನನ್ನ ಎದುರು ಸ್ಟೂಲ್ ಎಳೆದುಕೊಂಡು, ಮ್ಯಾಚ್ ಸೋತ ಮಕ್ಕಳ ಜೊತೆ ಮಾತಾಡುವ ದನಿಯಲ್ಲಿ ಹೇಳಿದಳು: "ಆಂಟಿ, ಬೇಜಾರ್ ಮಾಡ್ಕೋಬೇಡಿ. ಭಾನುವಾರ ಇನ್ನೊಂದು ಸಲ ನೋಡೋಣ. ಆಗಲೂ ಸರಿ ಬರಲಿಲ್ಲ ಅಂದ್ರೆ ಬರೀ ಕಾಡಿಗೆ ಹಚ್ಕೊಂಡು ಹಸೆ ಮೇಲೆ ಕೂತ್ಕೊಳ್ತೀನಿ. ಆಲ್ಬಮ್‌ನಲ್ಲಿ ನಾನೇ ಇರಬೇಕು ಅಷ್ಟೇ. ನಮ್ಮಕ್ಕನ ಮದುವೆ ಆಲ್ಬಮ್‌ನಲ್ಲಿ ನಮ್ಮಕ್ಕ ಇಲ್ಲ. ಅವಳ ಸೀರೆ ಉಟ್ಕೊಂಡು ಬೇರೆ ಯಾರೋ ಕೂತಿದಾರೆ."

ಭಾನುವಾರಕ್ಕೆ ನಾಲ್ಕು ದಿನ. ನಾನು ಮನೆಗೆ ಬಂದು ಪೆಟ್ಟಿಗೆ ತೆರೆದಿಟ್ಟುಕೊಂಡು ಅಳುವುದೋ ಬೇಡವೋ ಎಂದು ಕೂತಿದ್ದೆ. ಮೊದಲ ಮದುವೆ ಕೈಬಿಟ್ಟು ಹೋಗುವುದು ಒಂದು ಚಿಂತೆ. ಆ ಹುಡುಗಿಯ ಮುಖದ ಮೇಲಿನ ಬೂದಿ ಅದಕ್ಕಿಂತ ದೊಡ್ಡ ಚಿಂತೆ. ಕಂದು ಬಣ್ಣಕ್ಕೆ ಬಿಳಿ ಸೇರಿದರೆ ಬರುವುದು ಬೂದಿ ಎಂದು ಐದನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಕಂದಿನೊಳಗೆ ಕೆಂಪಿದೆ, ಹಳದಿ ಇದೆ. ಅದನ್ನು ಹುಡುಕಿ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದವಳು.

"ಹನ್ನೆರಡು ಜನ ಗೋಧಿ ಅಂದ್ರು ರೀ" ಎಂದು ನಮ್ಮವರ ಹತ್ತಿರ ದೂರು ಹೇಳಿದೆ.

ನಮ್ಮವರು ಪೇಪರ್ ಕೆಳಗಿಟ್ಟರು. "ನಿಮ್ಮಪ್ಪ ನಮ್ಮನೆಗೆ ಬರೆದ ಕಾಗದದಲ್ಲಿ ನಿನ್ನ ಬಗ್ಗೆ ಏನಂತ ಬರೆದಿದ್ರು ಹೇಳು?"

"ಏನಂತ?"

"'ಹುಡುಗಿ ಗೋಧಿ ಬಣ್ಣ, ಚಿತ್ರಕಲೆ ಬಲ್ಲಳು.' ನಮ್ಮಪ್ಪ ನನ್ನ ಬಗ್ಗೆ ಏನಂತ ಉತ್ತರ ಬರೆದ್ರು?"

ನಾನು ಅವರ ಮುಖ ನೋಡಿದೆ. ನಮ್ಮವರು ಸಂಜೆ ಲೈಟ್ ಹಾಕದಿದ್ದರೆ ಸೋಫಾದಲ್ಲಿ ಕೂತಿದ್ದಾರೋ ಇಲ್ಲವೋ ಎಂದು ಕೂಗಿ ಕೇಳಬೇಕಾದವರು.

"ಗೋಧಿ ಅಂತ್ಲಾ?"

"'ಎಣ್ಣೆಗೆಂಪು, ಗೋಧಿ ಮಿಶ್ರ'" ಎಂದರು ಗಂಭೀರವಾಗಿ. "ನೀನು ಕಾಗದ ಓದಿ ಬಾಟಲಿ ತಂದಿದೀಯ ಕಣೇ. ಮುಖ ನೋಡಿ ತರಬೇಕಿತ್ತು."

ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವರು ನನ್ನ ಕೆಲಸದ ಬಗ್ಗೆ ಹೇಳಿದ ಮೊದಲ ಉಪಯೋಗದ ಮಾತು ಅದು. ನಾನು ಎದ್ದು ರಾಜಾಜಿನಗರಕ್ಕೆ ಹೊರಟೆ. ಗ್ಯಾಸ್ ಆರಿಸಿದ್ದೇನಾ ಎಂದು ನೋಡಲು ಒಂದೇ ಸಲ ವಾಪಸ್ ಬಂದೆ, ಅಷ್ಟು ಅವಸರ.

ಅಂಗಡಿಯವನು ನನ್ನ ಗುರುತು ಹಿಡಿದ. "ಬನ್ನಿ ಮೇಡಂ, ಗೋಧಿ ಖಾಲಿ ಆಯ್ತಾ?"

"ಇನ್ನೂ ಗಾಢವಾಗಿರೋ ಶೇಡ್ ಬೇಕಪ್ಪ."

"ಅದು ಇಡಲ್ಲ ಮೇಡಂ. ನಮ್ ಏರಿಯಾದಲ್ಲಿ ಆ ಕಲರ್ ಜನಾನೇ ಇಲ್ಲ" ಎಂದು ಕೌಂಟರಿನ ಮೇಲೆ ಕೈ ಊರಿದ. ಆ ಕೈಯ ಬಣ್ಣವೂ ಚೈತ್ರಾಳ ಮುಖದ ಬಣ್ಣವೂ ಅಣ್ಣ ತಂಗಿಯ ಹಾಗಿದ್ದವು.

"ಸ್ವಲ್ಪ ಕೈ ಕೊಡಿ ಅಣ್ಣ" ಎಂದು, ಬ್ಯಾಗಿನಲ್ಲಿದ್ದ ನನ್ನ ಗೋಧಿ ಬಾಟಲಿಯಿಂದ ಒಂದು ಗೆರೆ ಎಳೆದೆ.

"ಇದೇನ್ ಮೇಡಂ, ಸುಣ್ಣ ಬಳಿದಂಗಾಯ್ತು!"

"ನೀವು ಯಾವ ಬಣ್ಣ?"

"ನಾನಾ? ಗೋಧಿ..." ಎಂದವನು ಅಲ್ಲಿಗೇ ನಿಲ್ಲಿಸಿದ. ಕೈಯನ್ನು ಬಾಗಿಲ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಏಣಿ ಹತ್ತಿ, ಅಟ್ಟದಿಂದ ಧೂಳು ಹಿಡಿದ ಒಂದು ರಟ್ಟಿನ ಡಬ್ಬಿ ಇಳಿಸಿದ. "ಸೆಟ್ ಜೊತೆ ಬರುತ್ತೆ ಮೇಡಂ. ಯಾರೂ ಕೇಳಲ್ಲ ಅಂತ ಮೇಲೆ ಹಾಕಿದ್ದೆ."

ಡಬ್ಬಿಯೊಳಗೆ ನಮ್ಮ ಇಡೀ ಪಶ್ಚಿಮ ಬೆಂಗಳೂರು ಮಲಗಿತ್ತು. ಮೆಟ್ರೋದಲ್ಲಿ, ಲಲಿತಾ ಸಹಸ್ರನಾಮದಲ್ಲಿ, ನನ್ನ ಅಡುಗೆಮನೆಯ ಕನ್ನಡಿಯಲ್ಲಿ ದಿನವೂ ಕಾಣುವ ಬಣ್ಣಗಳು. ಕನ್ನಡಕ ಏರಿಸಿ ಪ್ರತಿಯೊಂದರ ಎಕ್ಸ್‌ಪೈರಿ ಮೂರು ಸಲ ಓದಿದೆ. ಇನ್ನೂ ಎಂಟು ತಿಂಗಳಿತ್ತು. ಮೂರು ಬಾಟಲಿ ಆರಿಸಿಕೊಂಡೆ. ಜೊತೆಗೆ ಬೂದಿ ಕಳೆಯಲು ಒಂದು ಪುಟ್ಟ ಡಬ್ಬಿ ಕಿತ್ತಳೆ ಬಣ್ಣ. ಬಾಟಲಿಗಳ ಮೇಲೆ ನಾನು ಎಂದೂ ತಿನ್ನದ ತಿಂಡಿಗಳ ಹೆಸರಿದ್ದವು: ಚೆಸ್ಟ್‌ನಟ್, ಟಾಫಿ, ಮೋಕಾ. ಮನೆಗೆ ಬಂದು ಅವುಗಳ ಮೇಲೆ ಬಿಳಿ ಟೇಪ್ ಅಂಟಿಸಿ ನಮ್ಮ ಹೆಸರು ಬರೆದೆ. ಒಂದು ಬೆಲ್ಲ. ಒಂದು ಹುರಿದ ರಾಗಿ. ಮೂರನೆಯದನ್ನು ನಮ್ಮವರ ಕೆನ್ನೆಗೆ ಹಚ್ಚಿ ನೋಡಿದರೆ ಕಾಣದಂತೆ ಕರಗಿಹೋಯಿತು. ಅವರೇ ಹೆಸರಿಟ್ಟರು: "ಹಳೇ ಹುಣಸೆಹಣ್ಣು. ಬೆಲೆ ಜಾಸ್ತಿ ಅದಕ್ಕೆ."

ಭಾನುವಾರ ಬೆಳಗ್ಗೆ ಚೈತ್ರಾ ಸ್ಕೂಟರಿನಲ್ಲಿ ನಮ್ಮ ಮನೆಗೇ ಬಂದಳು, ಹಿಂದಿನ ಸೀಟಿನಲ್ಲಿ ಪದ್ಮಮ್ಮ. ಈ ಸಲ ಟ್ಯೂಬ್‌ಲೈಟಿನ ಸಹವಾಸ ಬೇಡವೆಂದು ಇಬ್ಬರನ್ನೂ ತಾರಸಿಗೆ ಕರೆದುಕೊಂಡು ಹೋದೆ. ಒಂದು ಮೂಲೆಯಲ್ಲಿ ನನ್ನ ಸಂಡಿಗೆ ಒಣಗುತ್ತಿತ್ತು. ಅದರ ಪಕ್ಕ ಚಾಪೆ ಹಾಕಿ ಚೈತ್ರಾಳನ್ನು ಕೂರಿಸಿ, ದವಡೆಯ ಮೇಲೆ ಮೂರು ಗೆರೆ ಎಳೆದೆ. ಕ್ಲಾಸಿನಲ್ಲಿ ಕಲಿಸಿದ್ದು ಇದೇ: ಮೂರು ಗೆರೆ ಎಳೆ, ಹಗಲು ಬೆಳಕಿನಲ್ಲಿ ನೋಡು, ಯಾವುದು ಮಾಯವಾಗುತ್ತದೋ ಅದೇ ಆ ಮುಖದ್ದು. ನಾನು ಕಲಿತಿದ್ದೆ. ಮಾಡಿರಲಿಲ್ಲ.

ಗೋಧಿ ಸುಣ್ಣದ ಹಾಗೆ ನಿಂತಿತು. ಬೆಲ್ಲ ಸ್ವಲ್ಪ ತಿಳಿಯಾಯಿತು. ರಾಗಿ ಹತ್ತಿರ ಬಂತು, ಆದರೆ ಪೂರ್ತಿ ಬರಲಿಲ್ಲ. ಎಲ್ಲೋ ಒಂದು ಕೂದಲೆಳೆಯಷ್ಟು ಮಂಕು. ತಟ್ಟೆಯ ಮೇಲೆ ಎರಡು ಹನಿ ರಾಗಿ ಹಾಕಿ, ಬೆಂಕಿಕಡ್ಡಿಯ ತುದಿಯಷ್ಟು ಕಿತ್ತಳೆ ಬೆರೆಸಿದೆ. ಗೆರೆ ಎಳೆದೆ. ಸಂಡಿಗೆಗೆ ಬಂದ ಕಾಗೆಯನ್ನು ಓಡಿಸಿ ತಿರುಗಿ ನೋಡಿದೆ.

"ಎಲ್ಲೇ ಅದು? ಒರೆಸ್ಕೊಂಡುಬಿಟ್ಯಾ?" ಎಂದು ಪದ್ಮಮ್ಮ ಹುಡುಗಿಯ ದವಡೆಗೆ ಮೂಗು ತಾಗಿಸಿದರು.

"ಮುಟ್ಟೇ ಇಲ್ಲ ದೊಡ್ಡಮ್ಮ."

"ಹಾಗಿದ್ರೆ ಇವರು ಹಚ್ಚೇ ಇಲ್ಲ."

"ಹಚ್ಚಿದೀನಿ ಪದ್ಮಮ್ಮ" ಎಂದೆ. ಚೈತ್ರಾ ಫೋನಿನಲ್ಲಿ ನೋಡಿಕೊಂಡಳು, ಬಿಸಿಲಿಗೆ ತಿರುಗಿ ನೋಡಿಕೊಂಡಳು, ನೆರಳಿಗೆ ಬಂದು ನೋಡಿಕೊಂಡಳು. ಆಮೇಲೆ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಗೆದ್ದ ಟೀಮಿನ ಮಕ್ಕಳಿಗೆ ಕೊಡುವಂಥದ್ದಿರಬೇಕು, ಎರಡು ದಿನ ನೋಯಿತು. "ಫಿಕ್ಸ್ ಆಂಟಿ. ಇದೇ."

ಪದ್ಮಮ್ಮ ಸ್ವಲ್ಪ ಹೊತ್ತು ಸಂಡಿಗೆ ತಿರುವಿ ಹಾಕುತ್ತಾ ಕೂತಿದ್ದವರು, "ನಂದೂ ಒಂದು ನೋಡಿಬಿಡಿ, ಹೇಗೂ ತೆಗೆದಿದೀರಲ್ಲ" ಎಂದು ದವಡೆ ಮುಂದೆ ಮಾಡಿದರು. ಮೂರು ಗೆರೆ ಎಳೆದೆ. ಮಧ್ಯದ್ದು ಮಾಯವಾಯಿತು.

"ಯಾವುದು ಹೋಗಿದ್ದು? ಗೋಧಿನಾ?"

"ಬೆಲ್ಲ."

ಪದ್ಮಮ್ಮನ ಮುಖ ಗಂಟಾಯಿತು. ಚೈತ್ರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಕೆಟ್ಟೆನಲ್ಲಪ್ಪ ಎಂದುಕೊಳ್ಳುವಷ್ಟರಲ್ಲಿ ಪದ್ಮಮ್ಮ ಗಂಭೀರವಾಗಿ ವಿಚಾರಿಸಿದರು: "ಅಚ್ಚು ಬೆಲ್ಲಾನಾ, ಉಂಡೆ ಬೆಲ್ಲಾನಾ?"

"ಉಂಡೆ ಬೆಲ್ಲ. ಮಂಡ್ಯ ಕಡೇದು."

"ಹಾಗೆ ಹೇಳಿ ಮತ್ತೆ. ಅಚ್ಚು ಬೆಲ್ಲ ಸ್ವಲ್ಪ ಕಪ್ಪು" ಎಂದು ಅವರು ಸಮಾಧಾನವಾದರು.

ಮದುವೆ ಕೆಂಗೇರಿಯ ಒಂದು ಛತ್ರದಲ್ಲಿ. ಒಂಬತ್ತೂವರೆಗೆ ಮುಹೂರ್ತ, ಆರಕ್ಕೇ ನಾನು ಗೇಟಿನಲ್ಲಿದ್ದೆ. ವಾಚ್‌ಮನ್ ನನ್ನ ಪೆಟ್ಟಿಗೆ ನೋಡಿ "ಮೋಟ್ರು ಹಿಂದ್ಗಡೆ ಇದೆ ಅಮ್ಮ" ಎಂದು ದಾರಿ ತೋರಿಸಿದ. ವಿವರಿಸುತ್ತಾ ನಿಲ್ಲಲು ವೇಳೆ ಇರಲಿಲ್ಲ, ಅದೇ ದಾರಿಯಲ್ಲಿ ಹೋಗಿ ಹಿಂಬಾಗಿಲಿನಿಂದ ವಧುವಿನ ಕೋಣೆ ಸೇರಿದೆ. ಕೋಣೆಯಲ್ಲಿ ಕಿಟಕಿ ಇಲ್ಲ. ಮಿಣುಕುವ ಒಂದೇ ಟ್ಯೂಬ್‌ಲೈಟು. ಆ ಬೆಳಕಿನಲ್ಲಿ ಎಲ್ಲರೂ ಹಸಿರಾಗಿ ಕಾಣುತ್ತಿದ್ದರು, ಹೊಸದಾಗಿ ಬಿಡಿಸಿದ ಅವರೆಕಾಳಿನ ಹಾಗೆ.

ಫೌಂಡೇಶನ್ ಹಚ್ಚಿ ಮುಗಿಸಿದೆ. ಸರಿಯಾಗಿದೆ ಅನ್ನಿಸಿತು. ಅನ್ನಿಸಿದ್ದನ್ನು ನಂಬುವ ಜಾತಿ ನನ್ನದಲ್ಲ. "ಒಂದ್ನಿಮಿಷ ಬಾಮ್ಮ" ಎಂದು ಅರ್ಧ ಜಡೆ ಹಾಕಿದ್ದ ಮದುವಣಗಿತ್ತಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ. ಅಲ್ಲಿ ಅಡುಗೆಯವರು ಬೂದುಗುಂಬಳಕಾಯಿ ಹೆಚ್ಚುತ್ತಾ ಕೂತಿದ್ದರು. ಎಳೆ ಬಿಸಿಲು ಆಗಷ್ಟೇ ಕಾಂಪೌಂಡು ಹತ್ತಿತ್ತು. ನಾನು ಹುಡುಗಿಯ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿದೆ. ದವಡೆಯ ಹತ್ತಿರ ಎಲ್ಲೂ ಗಡಿ ಕಾಣಲಿಲ್ಲ. ಮುಖ ಎಲ್ಲಿ ಮುಗಿದು ಕುತ್ತಿಗೆ ಎಲ್ಲಿ ಶುರುವಾಯಿತು ಎಂದು ನನಗೇ ಗೊತ್ತಾಗಲಿಲ್ಲ.

"ಏನ್ ಹುಡುಕ್ತಾ ಇದೀರಮ್ಮ?" ಎಂದರು ಹಿರಿಯ ಅಡುಗೆಯವರು.

"ಮೇಕಪ್ಪು."

"ಯಾವಾಗ ಹಾಕೋದು?"

ಚೈತ್ರಾ ನಕ್ಕ ನಗುವಿಗೆ ಕುಂಬಳಕಾಯಿ ಹೆಚ್ಚುತ್ತಿದ್ದವರೆಲ್ಲ ಕತ್ತೆತ್ತಿದರು.

ಧಾರೆಯ ಹೊತ್ತಿನಲ್ಲಿ ನಾನು ಮುಂದಿನ ಸಾಲಿನಲ್ಲಿ ಕೂತು ಒಂದು ಮಂತ್ರವನ್ನೂ ಕೇಳಲಿಲ್ಲ. ಹೊಗೆ ಎದ್ದಿತು, ಕರಗುತ್ತದಾ? ಮುಖ ಬೆವರಿತು, ಬಣ್ಣ ಇಳಿಯುತ್ತದಾ? ಹುಡುಗಿಯ ಅಮ್ಮ ಕಣ್ಣೀರು ಹಾಕಿದರು, ಈಗ ಇವಳೂ ಹಾಕುತ್ತಾಳೆ, ಮುಗಿಯಿತು ನನ್ನ ಕಥೆ. ಅವಳೂ ಹಾಕಿದಳು. ಹಾಕಿ, ಬೆರಳಿನಿಂದ ಒತ್ತಿಕೊಂಡು, ಗಂಡನ ಕಡೆ ನೋಡಿ ನಕ್ಕಳು. ಮುಖ ಕೂತಲ್ಲೇ ಕೂತಿತ್ತು. ಅಕ್ಷತೆ ಬಿದ್ದ ಮೇಲೆ ಚೈತ್ರಾಳ ಅಮ್ಮ ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದರು. ಅವತ್ತಿನ ಹಾಗೆಯೇ, ಹೆಚ್ಚು ಮಾತಿಲ್ಲ. ನನ್ನ ಕೈ ಹಿಡಿದು, "ಮಗಳು ಮಗಳ ಹಾಗೇ ಇದಾಳೆ. ಊಟ ಮಾಡದೆ ಹೋಗಬೇಡಿ" ಎಂದರು.

ಮೊದಲ ಪಂಕ್ತಿಯಲ್ಲೇ ಕೂತೆ. ಪೆಟ್ಟಿಗೆಯನ್ನು ಟೇಬಲ್ ಕೆಳಗೆ ಎರಡು ಪಾದಗಳ ನಡುವೆ ಇಟ್ಟುಕೊಂಡೆ. ಬ್ಯಾಗಿನಲ್ಲಿ, ಮದುವೆಯಲ್ಲಿ ಹಂಚಬೇಕೆಂದು ಅಚ್ಚು ಹಾಕಿಸಿದ ಐವತ್ತು ವಿಸಿಟಿಂಗ್ ಕಾರ್ಡುಗಳಿದ್ದವು. ಯಾರಾದರೂ ಒಬ್ಬರು "ಮೇಕಪ್ ಯಾರು ಮಾಡಿದ್ದು?" ಎಂದು ಕೇಳಲಿ, ಆಮೇಲೆ ತೆಗೆಯೋಣ ಎಂದು ಕಾಯುತ್ತಿದ್ದೆ. ಎಲೆಗೆ ಉಪ್ಪು ಬಿತ್ತು, ಕೋಸಂಬರಿ ಬಿತ್ತು. ಪಕ್ಕದ ಎಲೆಯಲ್ಲಿ ಕೂತಿದ್ದ ಹಸಿರು ಸೀರೆಯ ಹೆಂಗಸು ನನ್ನ ಕಡೆ ಬಾಗಿದರು.

"ಪಾಪ, ನೋಡಿದ್ರಾ? ಮೇಕಪ್‌ನವಳು ಬರಲೇ ಇಲ್ಲ ಅನ್ಸುತ್ತೆ ಕಣ್ರೀ."

"ಯಾರು ಹೇಳಿದ್ರು?" ಎಂದೆ.

"ಹೇಳೋದೇನು, ಕಾಣಲ್ವಾ? ಹುಡುಗಿ ಮುಖಕ್ಕೆ ಏನೂ ಹಚ್ಚೇ ಇಲ್ಲ. ಬೆಳಗ್ಗೆ ಎದ್ದು ಮುಖ ತೊಳ್ಕೊಂಡು ಹಾಗೇ ಬಂದು ಕೂತಿದಾಳೆ.‌ ಆದ್ರೂ ಹೇಗೆ ಹೊಳೀತಿದಾಳೆ ನೋಡಿ! ಲಕ್ಷಣ ಅಂದ್ರೆ ಅದು. ಹಚ್ಚಿಕೊಂಡ್ರೆ ಬರುತ್ತಾ ಅದು?"

"ಬರಲ್ಲ" ಎಂದೆ.

"ಮದುವೆ ದಿನ ಕೈ ಕೊಟ್ಟುಬಿಟ್ಟಳಲ್ಲ ಅವಳು, ಏನಂತ ಹೇಳೋಣ! ಸ್ವಲ್ಪಾನಾದ್ರೂ ಜವಾಬ್ದಾರಿ ಬೇಡ್ವಾ?"

ನನ್ನ ಕೈ ಬ್ಯಾಗಿನ ಜಿಪ್ಪಿನವರೆಗೆ ಹೋಯಿತು. ಐವತ್ತು ಕಾರ್ಡು ಅಲ್ಲೇ ಇದ್ದವು. ಬಡಿಸುವವನು ಒಬ್ಬಟ್ಟಿನ ತಟ್ಟೆ ಹಿಡಿದು ಎದುರಿಗೆ ಬಂದು ನಿಂತ.

"ಒಂಚೂರೂ ಜವಾಬ್ದಾರಿ ಇಲ್ಲ ನೋಡಿ" ಎಂದು ನಿಟ್ಟುಸಿರು ಬಿಟ್ಟು, ಎರಡು ಒಬ್ಬಟ್ಟು ಹಾಕಿಸಿಕೊಂಡೆ.